ಎಡಿಎಚ್‌ಡಿ ಇರುವ ಪಿಯುಸಿ ವಿದ್ಯಾರ್ಥಿಗೆ ಕಾಲೇಜು ಪ್ರವೇಶ: ಫೈಲಿನಿಂದ ಹಾಸ್ಟೆಲ್‌ವರೆಗೆ

ನಮ್ಮ ಮನೆಯಲ್ಲಿ ಇಬ್ಬರಿಗೆ ಎಡಿಎಚ್‌ಡಿ ಇದೆ, ಅಂದರೆ ಗಮನವನ್ನು ಬೇಕಾದ ಕಡೆ ನಿಲ್ಲಿಸುವುದು ಮಿದುಳಿಗೆ ಕಷ್ಟವಾಗುವ ಸ್ಥಿತಿ. ನನಗೆ, ನನ್ನ ತಮ್ಮನಿಗೆ. ನನಗೆ ಗೊತ್ತಾದದ್ದು ದ್ವಿತೀಯ ಪಿಯುಸಿ ಮುಗಿಯುವ ಹೊತ್ತಿಗೆ, ಹದಿನೇಳನೇ ವಯಸ್ಸಿನಲ್ಲಿ. ಅವನಿಗೆ ಒಂಬತ್ತನೇ ಕ್ಲಾಸಿನಲ್ಲೇ. ಹಾಗಾಗಿ ಕಾಲೇಜಿಗೆ ಸೇರುವ ವರ್ಷವನ್ನು ನಾನು ಎರಡು ಸಲ ನೋಡಿದ್ದೇನೆ. ಒಂದು ಸಲ ಏನೂ ಗೊತ್ತಿಲ್ಲದೆ, ಇನ್ನೊಂದು ಸಲ ಎಲ್ಲ ಗೊತ್ತಿದ್ದು.

ಗೊತ್ತಿಲ್ಲದ ವರ್ಷ ಹೇಗಿತ್ತು ಅಂತ ಒಂದೇ ಒಂದು ರಾತ್ರಿಯ ಮಾತು ಹೇಳುತ್ತೇನೆ. ಒಂದು ಖಾಸಗಿ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಅರ್ಜಿ. ರಾತ್ರಿ ಒಂದು ಗಂಟೆವರೆಗೆ ಕೂತು ತುಂಬಿದೆ. ಫೋಟೊ ಹಾಕಿದೆ, ಸಹಿ ಸ್ಕ್ಯಾನ್ ಮಾಡಿ ಹಾಕಿದೆ. ಶುಲ್ಕ ಕಟ್ಟುವ ಪುಟ ಬಂತು. ಅಪ್ಪನ ಕಾರ್ಡು ಪಕ್ಕದ ಕೋಣೆಯಲ್ಲಿತ್ತು, ಅಪ್ಪ ಮಲಗಿದ್ದರು. ಬೆಳಿಗ್ಗೆ ಎದ್ದು ಕಟ್ಟೋಣ ಅಂದುಕೊಂಡು ಲ್ಯಾಪ್‌ಟಾಪ್ ಮುಚ್ಚಿದೆ. ಮತ್ತೆ ನೆನಪಾದದ್ದು ಹನ್ನೊಂದು ದಿನ ಕಳೆದು, ಗೆಳತಿ 'ನಿಂಗೆ ಹಾಲ್ ಟಿಕೆಟ್ ಬಂತೇನೇ' ಅಂತ ಕೇಳಿದಾಗ. ಅಷ್ಟೂ ದಿನ ನನ್ನ ತಲೆಯಲ್ಲಿ ಆ ಅರ್ಜಿ ಮುಗಿದ ಕೆಲಸವಾಗಿತ್ತು. ಮರೆತಿದ್ದೇನೆ ಅನ್ನುವುದೂ ನನಗೆ ಗೊತ್ತಿರಲಿಲ್ಲ.

ನಿನಗೂ ಹೀಗೆ ಆಗಿದ್ದರೆ ಈ ಲೇಖನ ನಿನಗೆ. ನಾನು ಅಕ್ಕನ ಹಾಗೆ 'ನೀನು' ಅಂತಲೇ ಕರೆಯುತ್ತೇನೆ. ಅಪ್ಪ ಅಮ್ಮಂದಿರಿಗೂ ನಡುವೆ ಒಂದಿಷ್ಟು ಮಾತು ಇದೆ.

ಎಡಿಎಚ್‌ಡಿ ಇರುವವರು ಈ ವರ್ಷ ಎಡವುವುದು ಹೆಚ್ಚಾಗಿ ಪಾಠದಲ್ಲಿ ಅಲ್ಲ. ಪಾಠದ ಸುತ್ತ ಇರುವ ತಾರೀಕು, ಸಹಿ, ಜೆರಾಕ್ಸು, ಒಟಿಪಿ, ಪಾಸ್‌ವರ್ಡುಗಳಲ್ಲಿ. ಕೈಯಲ್ಲಿರುವ ಕೆಲಸವನ್ನು ನೆನಪಿನಲ್ಲಿ ಹಿಡಿದಿಟ್ಟುಕೊಳ್ಳುವುದು, ಹೊತ್ತನ್ನು ಅಂದಾಜು ಮಾಡುವುದು, ಬೇಸರದ ಕೆಲಸವನ್ನು ಶುರುಮಾಡುವುದು, ಈ ಮೂರೂ ನಮ್ಮ ಮಿದುಳಿಗೆ ಕಷ್ಟ. ಪ್ರವೇಶ ಪ್ರಕ್ರಿಯೆ ಕೇಳುವುದೂ ಸರಿಯಾಗಿ ಈ ಮೂರನ್ನೇ. ಆದ್ದರಿಂದ ಕೆಳಗಿನ ಪ್ರತಿ ಹೆಜ್ಜೆಯ ಹಿಂದೆಯೂ ಒಂದೇ ಉಪಾಯ ಇದೆ. ತಲೆಯಲ್ಲಿ ಇಟ್ಟುಕೊಳ್ಳಬೇಕಾದ್ದನ್ನು ತೆಗೆದು ಗೋಡೆ, ಫೈಲು, ಇನ್ನೊಬ್ಬ ಮನುಷ್ಯ, ಹೀಗೆ ಹೊರಗಡೆ ಎಲ್ಲಾದರೂ ಇಡುವುದು.

ಹೆಜ್ಜೆ 1: ಜೊತೆಗೆ ಒಬ್ಬರನ್ನು ಗೊತ್ತುಮಾಡಿಕೋ

ದ್ವಿತೀಯ ಪಿಯುಸಿ ಶುರುವಾದ ತಿಂಗಳಲ್ಲೇ ಒಬ್ಬರನ್ನು ಕೇಳು. ಅಮ್ಮ, ಅಣ್ಣ, ಚಿಕ್ಕಪ್ಪ, ಲೆಕ್ಚರರ್, ಯಾರಾದರೂ ಸರಿ. ಆದರೆ ಒಬ್ಬರೇ ಇರಲಿ. ಇಬ್ಬರಿದ್ದರೆ 'ಅವರು ನೋಡ್ಕೊಂಡಿರ್ತಾರೆ' ಅಂತ ಇಬ್ಬರೂ ಸುಮ್ಮನಿರುತ್ತಾರೆ.

ಅವರ ಕೆಲಸ ನಿನ್ನನ್ನು ಓದಿಸುವುದಲ್ಲ, ಬೈಯುವುದೂ ಅಲ್ಲ. ವಾರಕ್ಕೆ ಒಂದು ಸಲ, ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಅರ್ಧ ಗಂಟೆ ನಿನ್ನ ಪಕ್ಕದಲ್ಲಿ ಕೂರುವುದು. ನಮ್ಮ ಮನೆಯಲ್ಲಿ ಅದು ಭಾನುವಾರ, ಬೆಳಗಿನ ತಿಂಡಿ ಆದ ಮೇಲೆ. ನಾನು ಪಕ್ಕದಲ್ಲಿ ಬಟ್ಟೆ ಮಡಿಸುತ್ತಿದ್ದೆ, ತಮ್ಮ ಫೈಲು ತೆಗೆದು ಆ ವಾರದ ಒಂದು ಕೆಲಸ ಮಾಡುತ್ತಿದ್ದ. ಮಾತೂ ಹೆಚ್ಚು ಇರುತ್ತಿರಲಿಲ್ಲ. ಇನ್ನೊಬ್ಬರು ಸುಮ್ಮನೆ ಪಕ್ಕದಲ್ಲಿ ಇದ್ದರೂ ಸಾಕು, ಕೆಲಸ ಶುರುವಾಗುತ್ತದೆ. ಇದನ್ನು ಅನುಭವಿಸಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಗೋಡೆಗೆ ಒಂದು ದೊಡ್ಡ ತಾರೀಕು ಹಾಳೆ ಹಾಕು. ಊಟಕ್ಕೆ ಕೂತಾಗ ಕಣ್ಣಿಗೆ ಬೀಳುವ ಜಾಗದಲ್ಲಿ. ಮೊಬೈಲಿನ ಅಲಾರಂ ಬೇಕು, ಆದರೆ ಅದೊಂದೇ ಸಾಲದು. ಅಲಾರಂ ಬಂದ್ ಮಾಡಿದ ಮರುಗಳಿಗೆ ವಿಷಯವೂ ಮರೆತುಹೋಗುತ್ತದೆ. ಗೋಡೆ ಬಂದ್ ಆಗುವುದಿಲ್ಲ.

ಪ್ರತಿ ಕೆಲಸಕ್ಕೂ ಎರಡು ತಾರೀಕು ಬರೆ. ಸರ್ಕಾರ ಹೇಳಿದ ಕೊನೆಯ ದಿನ ಕಪ್ಪು ಶಾಯಿಯಲ್ಲಿ, ಅದಕ್ಕೆ ಒಂದು ವಾರ ಮುಂಚಿನ ನಿನ್ನ ಕೊನೆಯ ದಿನ ಕೆಂಪು ಶಾಯಿಯಲ್ಲಿ. ಮನೆಯವರೆಲ್ಲ ಕೆಂಪನ್ನೇ ನಿಜವಾದ ತಾರೀಕು ಅಂತ ಮಾತಾಡಲಿ.

ಹೆಜ್ಜೆ 2: ಕಾಗದಪತ್ರವನ್ನು ದಸರಾ ರಜೆಯಲ್ಲೇ ಮುಗಿಸು

ಇದಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಬೇಕು. ಎಲ್ಲರೂ ಕೊನೆಗೆ ಬಿಡುವುದೂ ಇದನ್ನೇ. ಜೂನ್ ತಿಂಗಳಲ್ಲಿ ನಾಡಕಚೇರಿ ಮುಂದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನ ಮೆಟ್ಟಿಲ ಮೇಲೆ ನಿಲ್ಲುವ ಸಾಲು ನೋಡಿದವರಿಗೆ ನಾನು ಯಾಕೆ ದಸರಾ ಅಂತ ಹೇಳುತ್ತಿದ್ದೇನೆ ಅಂತ ಗೊತ್ತಾಗುತ್ತದೆ.

ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಸೀಟು ಬೇಕಿದ್ದರೆ ಬಹುತೇಕ ಎಲ್ಲರಿಗೂ ಬೇಕಾದವು ಇವು: ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು, ಆಧಾರ್, ಆಮೇಲೆ ಪಿಯುಸಿ ಮಾರ್ಕ್ಸ್ ಕಾರ್ಡು, ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ಒಳಗೆ ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ಸ್ಟಡಿ ಸರ್ಟಿಫಿಕೇಟು. ಮೀಸಲಾತಿ ಇದ್ದವರಿಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿನ ಆರ್‌ಡಿ ನಂಬರನ್ನೇ ಅರ್ಜಿಯಲ್ಲಿ ಹಾಕಬೇಕು. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದ್ದರೆ ಗ್ರಾಮೀಣ ಪ್ರಮಾಣಪತ್ರ, ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಅದಕ್ಕೂ ಒಂದು. ಕಲ್ಯಾಣ ಕರ್ನಾಟಕದವರಿಗೆ ಆ ಭಾಗದ ಮೀಸಲಾತಿಯ 371(ಜೆ) ಪತ್ರ, ಅದು ಉಪವಿಭಾಗಾಧಿಕಾರಿ ಕಚೇರಿಯಿಂದ ಬರುತ್ತದೆ.

ಸ್ಟಡಿ ಸರ್ಟಿಫಿಕೇಟು ಚಿಕ್ಕ ಕೆಲಸದ ಹಾಗೆ ಕಾಣುತ್ತದೆ. ನಾವು ಅಪ್ಪನ ವರ್ಗಾವಣೆಯಿಂದ ಅರಸೀಕೆರೆ, ತಿಪಟೂರು, ಹಾಸನ ಮೂರು ಕಡೆ ಓದಿದವರು. ಅಂದರೆ ಮೂರು ಶಾಲೆ, ಮೂರು ಹೆಡ್‌ಮಾಸ್ಟರ್ ಸಹಿ, ಅದರ ಮೇಲೆ ಆಯಾ ತಾಲ್ಲೂಕಿನ ಬಿಇಒ ಮೇಲುಸಹಿ. ಸಾಹೇಬರು ಮೀಟಿಂಗಿಗೆ ಹೋಗಿದ್ದರೆ ನಾಳೆ ಬಾ. ನನ್ನ ವರ್ಷದಲ್ಲಿ ಇದನ್ನು ಮೂರು ದಿನದಲ್ಲಿ ಮಾಡಲು ಹೋಗಿ ಅಮ್ಮ ಬಸ್ಸಿನಲ್ಲೇ ಅತ್ತಿದ್ದರು. ತಮ್ಮನ ವರ್ಷದಲ್ಲಿ ದಸರಾ ರಜೆಗೆ ಮುಂಚೆಯೇ ಫೋನು ಮಾಡಿ ಯಾವ ದಿನ ಕಚೇರಿ ತೆರೆದಿರುತ್ತದೆ ಅಂತ ಕೇಳಿಕೊಂಡು, ಒಂದು ದಿನಕ್ಕೆ ಒಂದೇ ಊರು ಅಂತ ಹೋದೆವು. ತಿಪಟೂರಿನಲ್ಲಿ ಕೆಲಸ ಮುಗಿಸಿ ಹೋಟೆಲಿನಲ್ಲಿ ದೋಸೆ ತಿಂದು ಬಂದದ್ದು ಅವನಿಗೆ ಈಗಲೂ ನೆನಪಿದೆ. ಕೆಲಸದ ಬೆನ್ನಿಗೇ ಒಂದು ಸಣ್ಣ ಖುಷಿ ಇರಲಿ. ನಮಗೆ ಆರು ತಿಂಗಳ ಆಚೆಗಿನ ಸೀಟಿಗಿಂತ ಇವತ್ತಿನ ದೋಸೆ ಹೆಚ್ಚು ಓಡಿಸುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಸರು ಒಂದೊಂದು ಕಡೆ ಒಂದೊಂದು ಥರ ಇದೆಯಾ, ಈಗಲೇ ನೋಡು. ಎಸ್‌ಎಸ್‌ಎಲ್‌ಸಿ ಕಾರ್ಡಿನಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಜಾತಿ ಪ್ರಮಾಣಪತ್ರದಲ್ಲಿ ಇನಿಷಿಯಲ್ಲೇ ಇಲ್ಲ. ಇದನ್ನು ಸರಿಮಾಡಿಸಲು ವಾರಗಟ್ಟಲೆ ಬೇಕು. ಎಲ್ಲವನ್ನೂ ನೆಲದ ಮೇಲೆ ಹರಡಿ, ಹೆಸರು ಮತ್ತು ಹುಟ್ಟಿದ ತಾರೀಕನ್ನು ಗಟ್ಟಿಯಾಗಿ ಓದಿ ಹೋಲಿಸು. ಕಣ್ಣಿನಲ್ಲಿ ಓದಿದರೆ ನಮ್ಮ ಕಣ್ಣು ಇರುವುದನ್ನು ಬಿಟ್ಟು ಇರಬೇಕಾದ್ದನ್ನು ಓದಿಬಿಡುತ್ತದೆ.

ಆಮೇಲೆ ಎಲ್ಲವೂ ಒಂದೇ ಫೈಲಿಗೆ. ಸೀರೆ ಅಂಗಡಿಯ ಕವರಿಗೆ ಅಲ್ಲ, ಬೀರುವಿನ ಮೂರು ಅರೆಗಳಿಗೆ ಅಲ್ಲ. ಗಾಢ ಬಣ್ಣದ ಒಂದು ಫೈಲು, ಪಾರದರ್ಶಕ ಹಾಳೆಗಳಿರುವಂಥದ್ದು. ತಮ್ಮನದು ಕಿತ್ತಳೆ ಬಣ್ಣದ್ದು. ಪ್ರತಿ ಹಾಳೆಯಲ್ಲಿ ಮುಂದೆ ಮೂಲ ಪತ್ರ, ಹಿಂದೆ ಐದು ಜೆರಾಕ್ಸು. ಕೊನೆಯ ಹಾಳೆಯಲ್ಲಿ ಹತ್ತು ಪಾಸ್‌ಪೋರ್ಟ್ ಸೈಜ್ ಫೋಟೊ. ಮೊದಲ ಹಾಳೆಯಲ್ಲಿ ಒಂದು ಕಾಗದ, ಅದರ ಮೇಲೆ ಯಾವ ಜಾಲತಾಣ, ಯಾವ ಲಾಗಿನ್, ಯಾವ ಮೊಬೈಲಿಗೆ ಒಟಿಪಿ ಬರುತ್ತದೆ ಅಂತ. ಪಾಸ್‌ವರ್ಡ್ ಮಾತ್ರ ನಿನ್ನ ಜೊತೆಗಾರರ ಬಳಿ ಬೇರೆ ಚೀಟಿಯಲ್ಲಿರಲಿ. ಮೊಬೈಲ್ ನಂಬರನ್ನು ಈ ವರ್ಷ ಏನೇ ಆದರೂ ಬದಲಾಯಿಸಬೇಡ, ರೀಚಾರ್ಜ್ ತಪ್ಪಿಸಬೇಡ.

ಹೆಜ್ಜೆ 3: ವೈದ್ಯರ ಕಾಗದ

ನಿನಗೆ ಎಡಿಎಚ್‌ಡಿ ಇರಬಹುದು ಅನ್ನಿಸುತ್ತಿದೆ, ಆದರೆ ಯಾರಿಗೂ ತೋರಿಸಿಲ್ಲ ಅಂತಾದರೆ ಈ ವರ್ಷವೇ ತೋರಿಸು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ನಿನ್ನ ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರನ್ನು ಕೇಳು. ಎಲ್ಲಿಗೆ ಹೋಗಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಹೋಗುವಾಗ ಹಳೆಯ ಪ್ರೋಗ್ರೆಸ್ ಕಾರ್ಡುಗಳನ್ನು ತೆಗೆದುಕೊಂಡು ಹೋಗು. ಲಕ್ಷಣಗಳು ಹನ್ನೆರಡು ವರ್ಷಕ್ಕೆ ಮುಂಚೆಯೇ ಇದ್ದವಾ, ಮನೆ ಶಾಲೆ ಎರಡೂ ಕಡೆ ಕಾಣುತ್ತಿದ್ದವಾ ಅಂತ ವೈದ್ಯರು ನೋಡುತ್ತಾರೆ. ನನ್ನ ಮೂರನೇ ಕ್ಲಾಸಿನ ಕಾರ್ಡಿನಲ್ಲಿ ಮಿಸ್ಸು ನೀಲಿ ಪೆನ್ನಿನಲ್ಲಿ ಬರೆದಿದ್ದರು: 'ಜಾಣೆ, ಆದರೆ ಸದಾ ಕಿಟಕಿಯ ಹೊರಗೆ ನೋಡುತ್ತಾಳೆ.' ವೈದ್ಯರು ಆ ಸಾಲನ್ನು ಎರಡು ಸಲ ಓದಿದರು. ಹುಡುಗಿಯರಲ್ಲಿ ಇದು ಓಡಾಟ, ಗಲಾಟೆಯಾಗಿ ಕಾಣದೆ ಹೀಗೆ ಕಿಟಕಿಯಾಚೆ ನೋಡುವುದಾಗಿಯೇ ಕಾಣುವುದು ಹೆಚ್ಚು. ಹಾಗಾಗಿಯೇ ಎಷ್ಟೋ ವರ್ಷ ಯಾರ ಗಮನಕ್ಕೂ ಬರುವುದಿಲ್ಲ.

ಈಗ ಕಾನೂನಿನ ಮಾತು, ಸರಿಯಾಗಿ ಕೇಳಿಸಿಕೋ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ. ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಆಟಿಸಂ ಇದೆ. ಎಡಿಎಚ್‌ಡಿ ಎಂಬ ಹೆಸರು ಇಲ್ಲ. ಇದು ಸರಿಯಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸುತ್ತದೆ, ಆದರೆ ಸದ್ಯದ ಸ್ಥಿತಿ ಅದು. ಬರೀ ಎಡಿಎಚ್‌ಡಿ ಕಾಗದ ಹಿಡಿದು ಅಂಗವಿಕಲರ ಕೋಟಾದಲ್ಲಿ ಸೀಟು ಸಿಗುತ್ತದೆ ಅಂತ ಯಾರಾದರೂ ಹೇಳಿ ದುಡ್ಡು ಕೇಳಿದರೆ ನಂಬಬೇಡ.

ಆದರೆ ಎಡಿಎಚ್‌ಡಿ ಇರುವ ಎಷ್ಟೋ ಮಕ್ಕಳಿಗೆ ಜೊತೆಗೆ ಓದು, ಬರಹ ಅಥವಾ ಲೆಕ್ಕದ ಕಲಿಕಾ ನ್ಯೂನತೆಯೂ ಇರುತ್ತದೆ. ತಮ್ಮನಿಗೆ ಬರವಣಿಗೆಯದ್ದು ಇದೆ. ಅದಕ್ಕೆ ಪ್ರಮಾಣಪತ್ರ ಸಿಗುತ್ತದೆ, ಯುಡಿಐಡಿ ಕಾರ್ಡು (ಅಂಗವಿಕಲರ ಗುರುತಿನ ಚೀಟಿ) ಮಾಡಿಸಬಹುದು. ಶೇ 40 ಅಥವಾ ಹೆಚ್ಚು ಅಂತ ದೃಢಪಟ್ಟರೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕಾಯ್ದೆ ಪ್ರಕಾರ ಕನಿಷ್ಠ ಶೇ 5 ಮೀಸಲಾತಿ ಇದೆ. ಲಿಖಿತ ಪರೀಕ್ಷೆಗಳ ಬಗ್ಗೆ 2018ರ ಕೇಂದ್ರ ಮಾರ್ಗಸೂಚಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಹೇಳಿತು. ಶೇ 40 ಇಲ್ಲದವರಿಗೂ ಬರೆದುಕೊಡುವವರ ನೆರವನ್ನು ನಿರಾಕರಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2021ರ ಫೆಬ್ರವರಿಯಲ್ಲಿ, ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಒಬ್ಬ ಅಭ್ಯರ್ಥಿಯ ಮೊಕದ್ದಮೆಯಲ್ಲಿ ಹೇಳಿತು. ಅದರ ಹಿಂದೆಯೇ 2022ರಲ್ಲಿ ಅಂಥವರಿಗಾಗಿ ಬೇರೆ ಮಾರ್ಗಸೂಚಿ ಬಂತು. ಕಲಿಕಾ ನ್ಯೂನತೆಯ ಪರೀಕ್ಷೆಯನ್ನು 14 ಮತ್ತು 18ನೇ ವಯಸ್ಸಿನಲ್ಲಿ ಮತ್ತೆ ಮಾಡಿಸಬೇಕು ಅಂತ 2018ರ ಇನ್ನೊಂದು ಮಾರ್ಗಸೂಚಿ ಹೇಳಿತ್ತು. ನಿನಗೆ ಹದಿನೆಂಟು ಆಗುವುದು ಸರಿಯಾಗಿ ಪ್ರವೇಶದ ಗಡಿಬಿಡಿಯ ನಡುವೆ. ಒಂಬತ್ತನೇ ಕ್ಲಾಸಿನ ಹಳೆಯ ಕಾಗದ ಸಾಕು ಅಂದುಕೊಂಡು ಕೂರಬೇಡ, ಆಸ್ಪತ್ರೆಯಲ್ಲಿ ದಿನಾಂಕ ಸಿಗಲು ತಿಂಗಳುಗಟ್ಟಲೆ ಕಾಯಬೇಕಾಗಬಹುದು.

ಹೆಚ್ಚುವರಿ ಸಮಯ ಬೇಕಿದ್ದರೆ ಪಿಯುಸಿ ಬೋರ್ಡ್ ಪರೀಕ್ಷೆಗೆ ಕಾಲೇಜಿನ ಪ್ರಾಂಶುಪಾಲರ ಮೂಲಕ, ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬುವಾಗಲೇ, ಬರಹದಲ್ಲಿ ಕೇಳು. ಬಾಯಿಮಾತಿನಲ್ಲಿ ಕೇಳಿದ್ದು ಕೇಳಿದ ಹಾಗಲ್ಲ. ಸ್ವೀಕೃತಿ ಸಹಿ ಹಾಕಿಸಿಕೊಂಡ ಪ್ರತಿ ಫೈಲಿಗೆ ಹೋಗಲಿ.

ಅಪ್ಪ ಅಮ್ಮಂದಿರಿಗೆ

'ಅಷ್ಟು ಹೊತ್ತು ಮೊಬೈಲು ನೋಡೋಕಾಗುತ್ತೆ, ಒಂದು ಫಾರಂ ತುಂಬೋಕಾಗಲ್ವಾ?' ಅಂತ ನಮ್ಮಮ್ಮ ನೂರು ಸಲ ಕೇಳಿದ್ದರು. ಇದು ನ್ಯಾಯವಾದ ಪ್ರಶ್ನೆ ಅಂತ ನನಗೂ ಅನ್ನಿಸುತ್ತಿತ್ತು, ಅದಕ್ಕೇ ಇನ್ನೂ ನೋವಾಗುತ್ತಿತ್ತು. ಗಮನ ಇಲ್ಲ ಅನ್ನುವುದಕ್ಕಿಂತ, ಗಮನವನ್ನು ಬೇಕಾದ ಕಡೆ ತಿರುಗಿಸುವ ಚುಕ್ಕಾಣಿ ಸಡಿಲ ಅನ್ನುವುದು ಹೆಚ್ಚು ಸರಿ. ಇಷ್ಟವಾದದ್ದು ಎದುರಿಗಿದ್ದರೆ ದೋಣಿ ತಾನೇ ಹೋಗುತ್ತದೆ. ಫಾರಂ ಎದುರಿಗಿದ್ದರೆ ನಾವು ಕೈಯಿಂದ ತಳ್ಳಬೇಕು.

ಇದು ವಂಶದಲ್ಲಿ ಹರಿಯುವ ಸಂಗತಿ. ನಮ್ಮಪ್ಪ ವೈದ್ಯರ ಕೋಣೆಯಲ್ಲಿ ಕೂತು ನನ್ನ ಬಗ್ಗೆ ಕೇಳಿದ ಪ್ರಶ್ನೆಗಳಿಗೆ ಉತ್ತರ ಹೇಳುತ್ತಾ ಹೇಳುತ್ತಾ ಸುಮ್ಮನಾದರು. ಹೊರಗೆ ಬಂದು, 'ನಂಗೂ ಹಿಂಗೇ ಅಲ್ವೇನೇ' ಅಂದರು. ಅವತ್ತಿನಿಂದ ಮನೆಯಲ್ಲಿ ಬೈಗುಳ ಅರ್ಧ ಕಡಿಮೆಯಾಯಿತು.

ಒಂದು ಕೋರಿಕೆ. ಮಗು ಮಾಡಬೇಕಾದ ಕೆಲಸವನ್ನು ಪೂರ್ತಿ ನೀವೇ ಮಾಡಿಬಿಡಬೇಡಿ, ಪೂರ್ತಿ ಅವರಿಗೇ ಬಿಡಲೂಬೇಡಿ. ಫಾರಂ ಅವರು ತುಂಬಲಿ, ನೀವು ಪಕ್ಕದಲ್ಲಿ ಇರಿ. ತಪ್ಪು ಸಿಕ್ಕಾಗ 'ನೋಡು, ಮತ್ತೆ' ಅನ್ನುವ ಬದಲು 'ಇಲ್ಲಿ ಒಂದು ಅಂಕಿ ನೋಡು' ಅನ್ನಿ. ಅಷ್ಟೇ ಸಾಕು.

ಹೆಜ್ಜೆ 4: ಅರ್ಜಿ ತುಂಬುವ ದಿನ

ಸಿಇಟಿ ಅರ್ಜಿ ಸಾಮಾನ್ಯವಾಗಿ ವರ್ಷದ ಮೊದಲ ಒಂದೆರಡು ತಿಂಗಳಲ್ಲಿ ಬರುತ್ತದೆ. ತಾರೀಕನ್ನು ಪ್ರಾಧಿಕಾರದ ಜಾಲತಾಣದಲ್ಲೇ ನೋಡಿ ಗೋಡೆಗೆ ಬರೆ, ವಾಟ್ಸ್‌ಆ್ಯಪ್ ಗುಂಪಿನ ಫಾರ್ವರ್ಡ್ ನೋಡಿ ಬರೆಯಬೇಡ.

ಹಗಲಿನಲ್ಲಿ ತುಂಬು. ರಾತ್ರಿ ಬೇಡ. ಮಾತ್ರೆ ತೆಗೆದುಕೊಳ್ಳುವವನಾಗಿದ್ದರೆ ಅದು ಕೆಲಸ ಮಾಡುತ್ತಿರುವ ಹೊತ್ತಿನಲ್ಲಿ ತುಂಬು. ಫೈಲು, ಶುಲ್ಕ ಕಟ್ಟುವ ಕಾರ್ಡು, ಒಟಿಪಿ ಬರುವ ಮೊಬೈಲು ಮೂರೂ ಮೇಜಿನ ಮೇಲೆ ಬಂದ ಮೇಲೆಯೇ ಕಂಪ್ಯೂಟರ್ ತೆಗೆ. ಸೈಬರ್ ಸೆಂಟರಿನಲ್ಲಿ ತುಂಬಿಸುವುದಾದರೂ ನೀನೇ ಪಕ್ಕದಲ್ಲಿ ಕೂತು, ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿ ನೋಡು. ಅವರಿಗೆ ದಿನಕ್ಕೆ ನೂರು ಫಾರಂ, ನಿನಗೆ ಇರುವುದು ಒಂದು.

ಅರ್ಜಿ ಮುಗಿಯಿತು ಅಂತ ಯಾವಾಗ ಹೇಳಬೇಕು? ಶುಲ್ಕ ಕಟ್ಟಿದ ರಸೀದಿ ಮತ್ತು ಅಂತಿಮ ಅರ್ಜಿಯ ಪ್ರಿಂಟು ಎರಡೂ ಕಿತ್ತಳೆ ಫೈಲಿನೊಳಗೆ ಹೋದ ಮೇಲೆ. ಅಲ್ಲಿವರೆಗೆ ಗೋಡೆಯ ಮೇಲೆ ಗೀಟು ಎಳೆಯಬೇಡ. ನನ್ನ ಹನ್ನೊಂದು ದಿನದ ಪಾಠ ಇಷ್ಟೇ.

ಎಷ್ಟು ಕಡೆ ಅರ್ಜಿ ಹಾಕಬೇಕು? ಕಡಿಮೆ. ಸಿಇಟಿ, ಕಾಮೆಡ್-ಕೆ, ಜೆಇಇ, ನೀಟ್, ನಾಲ್ಕಾರು ಖಾಸಗಿ ವಿಶ್ವವಿದ್ಯಾಲಯ, ಎಲ್ಲದಕ್ಕೂ ಹಾಕು ಅಂತ ಎಲ್ಲರೂ ಹೇಳುತ್ತಾರೆ. ಒಂದೊಂದು ಅರ್ಜಿಯ ಹಿಂದೆಯೂ ಒಂದು ಲಾಗಿನ್, ಒಂದು ಶುಲ್ಕ, ಒಂದು ಹಾಲ್ ಟಿಕೆಟ್, ಒಂದು ಕೌನ್ಸೆಲಿಂಗ್ ಇದೆ. ನಮಗೆ ಅದು ಭಾರ. ಮೂರಕ್ಕಿಂತ ಹೆಚ್ಚು ಬೇಡ ಅಂತ ನನ್ನ ಅಭಿಪ್ರಾಯ. ಸಿಇಟಿ ಬರೀ ಎಂಜಿನಿಯರಿಂಗಿಗೆ ಅಲ್ಲ ಅನ್ನುವುದೂ ನೆನಪಿರಲಿ. ಬಿಎಸ್ಸಿ ಕೃಷಿ, ಪಶುವೈದ್ಯಕೀಯ, ಫಾರ್ಮಸಿ, ನರ್ಸಿಂಗ್ ಸೀಟುಗಳೂ ಅದರಲ್ಲೇ ಬರುತ್ತವೆ. ದಿನವಿಡೀ ಕೂತು ಕೇಳಲಾರದ, ಕೈಯಿಂದ ಕೆಲಸ ಮಾಡುವಾಗ ಅರಳುವ ಹುಡುಗ ಹುಡುಗಿಯರಿಗೆ ಹೊಲ, ಕೊಟ್ಟಿಗೆ, ವಾರ್ಡು ಇರುವ ಓದು ಚೆನ್ನಾಗಿ ಒಗ್ಗಬಹುದು.

ಹೆಜ್ಜೆ 5: ಪರೀಕ್ಷೆ

ಸಿಇಟಿಯಲ್ಲಿ ಒಂದೊಂದು ವಿಷಯಕ್ಕೂ 60 ಪ್ರಶ್ನೆ, 60 ಅಂಕ, ಒಟ್ಟು 80 ನಿಮಿಷ. ಅದರಲ್ಲಿ ಉತ್ತರಿಸಲು ಇರುವುದು 70. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಒಂದೂ ಖಾಲಿ ಬಿಡಬಾರದು. ನೀಟ್‌ನಲ್ಲಿ ಕಳೆಯುತ್ತಾರೆ, ಅಲ್ಲಿ ಊಹೆ ಬೇರೆ ಲೆಕ್ಕ.

ನಮ್ಮ ದೊಡ್ಡ ಅಪಾಯ ಒಎಂಆರ್ ಹಾಳೆ, ಅಂದರೆ ಉತ್ತರದ ವೃತ್ತಗಳನ್ನು ಪೆನ್ನಿನಿಂದ ತುಂಬುವ ಹಾಳೆ. 23ನೇ ಪ್ರಶ್ನೆ ಬಿಟ್ಟು 24ಕ್ಕೆ ಹೋಗಿ, ಉತ್ತರವನ್ನು 23ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದೆ ಎಲ್ಲವೂ ಜಾರುತ್ತದೆ. ಹತ್ತು ಪ್ರಶ್ನೆಗೊಮ್ಮೆ ನಿಲ್ಲು. ಪುಸ್ತಿಕೆಯ ಸಂಖ್ಯೆ ಮತ್ತು ಹಾಳೆಯ ಸಂಖ್ಯೆ ಎರಡರ ಮೇಲೂ ಬೆರಳಿಟ್ಟು ನೋಡು. ಪ್ರಶ್ನೆಪುಸ್ತಿಕೆಯ ವರ್ಷನ್ ಕೋಡ್ ತುಂಬುವುದು ಎಲ್ಲಕ್ಕಿಂತ ಮೊದಲ ಕೆಲಸ. ಪರೀಕ್ಷಾ ಕೋಣೆಗೆ ಕೈಗಡಿಯಾರ ಬಿಡುವುದಿಲ್ಲ. ಹೊತ್ತಿನ ಅಂದಾಜೇ ಇಲ್ಲದ ನಮ್ಮಂಥವರಿಗೆ ಅದು ಕಷ್ಟ, ಅದಕ್ಕೇ ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಗಡಿಯಾರ ತೆಗೆದಿಟ್ಟು, ಬೇರೆಯವರಿಂದ ಅರ್ಧ ಗಂಟೆಗೊಮ್ಮೆ ಬೆಲ್ ಹೊಡೆಸಿಕೋ. ಮೊದಲ ಅರ್ಧ ಗಂಟೆಗೆ 25 ಪ್ರಶ್ನೆ ದಾಟಿದ್ದೀಯ ಅಂದರೆ ಸರಿಯಾಗಿ ಹೋಗುತ್ತಿದ್ದೀಯ.

ಬೆಳಗಿನ ಪತ್ರಿಕೆಗೂ ಮಧ್ಯಾಹ್ನದ ಪತ್ರಿಕೆಗೂ ನಡುವೆ ಎರಡೂವರೆ ಗಂಟೆಗೂ ಹೆಚ್ಚು ಬಿಡುವು ಇರುತ್ತದೆ. ಬೆಳಗಿನ ಉತ್ತರಗಳನ್ನು ಯಾರ ಜೊತೆಯೂ ಹೋಲಿಸಬೇಡ. ಮೊಸರನ್ನ ತಿಂದು ನಡೆದಾಡು. ಮಾತ್ರೆ ಇದ್ದರೆ ಆ ಎರಡು ದಿನ ಯಾವ ಹೊತ್ತಿಗೆ ಅಂತ ತಿಂಗಳ ಮುಂಚೆಯೇ ವೈದ್ಯರನ್ನು ಕೇಳು. ನೀನೇ ಹೊತ್ತು, ಪ್ರಮಾಣ ಬದಲಾಯಿಸಬೇಡ.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಬೋರ್ಡ್ ಪರೀಕ್ಷೆ-1 ಕೆಟ್ಟರೆ ಪರೀಕ್ಷೆ-2 ಇದೆ, ಎರಡರಲ್ಲಿ ಹೆಚ್ಚು ಬಂದದ್ದು ಉಳಿಯುತ್ತದೆ. ಅಂಕ ಕಡಿಮೆ ಬಂದ ರಾತ್ರಿ ಏನನ್ನೂ ತೀರ್ಮಾನ ಮಾಡಬೇಡ. ಆ ರಾತ್ರಿ ತೀರಾ ಕಷ್ಟವಾದರೆ ಮೇಲೆ ಹೇಳಿದ 14416 ಇದೆ, ಮನೆಯವರನ್ನು ಎಬ್ಬಿಸಲೂಬಹುದು.

ಹೆಜ್ಜೆ 6: ಆಪ್ಷನ್ ಎಂಟ್ರಿ, ನೆಲದ ಮೇಲೆ

ನೂರಾರು ಕಾಲೇಜು, ಒಂದೊಂದರಲ್ಲಿ ಹತ್ತಾರು ಕೋರ್ಸು, ಎಲ್ಲದಕ್ಕೂ ಕೋಡು, ಇವನ್ನು ಇಷ್ಟದ ಕ್ರಮದಲ್ಲಿ ಜೋಡಿಸಬೇಕು. ಪರದೆಯ ಮೇಲೆ ಇದನ್ನು ಮಾಡಲು ಹೋದ ನನಗೆ ಒಂದು ಗಂಟೆಯಲ್ಲಿ ತಲೆ ತಿರುಗಿ, ಕೊನೆಗೆ ಗೆಳತಿಯ ಪಟ್ಟಿಯನ್ನೇ ನಕಲು ಮಾಡಿದ್ದೆ.

ತಮ್ಮನಿಗೆ ಹೀಗೆ ಮಾಡಿದೆವು. ಪ್ರಾಧಿಕಾರ ಹಿಂದಿನ ವರ್ಷಗಳ ಕಟಾಫ್ ರ‍್ಯಾಂಕ್ ಹಾಕಿರುತ್ತದೆ, ಅದನ್ನು ನೋಡಿ ಅವನ ರ‍್ಯಾಂಕಿನ ಹಿಂದೆಮುಂದೆ ಇರುವವನ್ನೆಲ್ಲ ತೆಗೆದೆವು. ಹಳೇ ಕ್ಯಾಲೆಂಡರಿನ ಹಿಂಬದಿಯನ್ನು ಕತ್ತರಿಸಿ 46 ಚೀಟಿ ಮಾಡಿದೆ. ಒಂದು ಚೀಟಿಗೆ ಒಂದು ಕಾಲೇಜು, ಒಂದು ಕೋರ್ಸು, ಅದರ ಕೋಡು. ಹಾಲಿನಲ್ಲಿ ಚಾಪೆ ತೆಗೆದು, ಚೀಟಿ ಹಾರದ ಹಾಗೆ ಫ್ಯಾನ್ ಆರಿಸಿ, ನಾನು, ಅಪ್ಪ, ತಮ್ಮ ಕುಕ್ಕರುಗಾಲಿನಲ್ಲಿ ಕೂತೆವು. ಜೂನ್ ತಿಂಗಳ ಸೆಕೆ. ಎರಡು ಚೀಟಿ ಎತ್ತಿ ಅಪ್ಪ ಕೇಳುತ್ತಿದ್ದರು, 'ಎರಡೂ ಸಿಕ್ಕರೆ ಯಾವುದಕ್ಕೆ ಹೋಗ್ತೀಯೋ?' ಅವನು ಒಂದನ್ನು ತೋರಿಸುತ್ತಿದ್ದ, ಅದು ಮೇಲೆ. ಮತ್ತೆ ಎರಡು. 46ನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿಯುವುದು ನಮಗೆ ಆಗದ ಮಾತು, ಎರಡನ್ನು ಹೋಲಿಸುವುದು ಯಾರಿಗಾದರೂ ಆಗುತ್ತದೆ. ಒಂದು ಚೀಟಿ ಬಂದಾಗ ಅವನು ತುಂಬಾ ಹೊತ್ತು ನೋಡಿ, 'ಅಕ್ಕ, ಇದು ನಂಗೆ ಬೇಡವೇ ಬೇಡ' ಅಂದ. ದೊಡ್ಡ ಹೆಸರಿನ ಕಾಲೇಜು. ಅಪ್ಪ ಏನೋ ಹೇಳಲು ಬಾಯಿ ತೆಗೆದವರು ಸುಮ್ಮನೆ ಅದನ್ನು ಪಕ್ಕಕ್ಕಿಟ್ಟರು. ಸಾಲು ಅಡುಗೆಮನೆ ಬಾಗಿಲಿನವರೆಗೆ ಬಂತು. ಅಮ್ಮ ದಾಟಿಕೊಂಡು ಓಡಾಡಿದರು. ಮರುದಿನ ಒಬ್ಬರು ಕೋಡ್ ಓದಿ, ಒಬ್ಬರು ಟೈಪ್ ಮಾಡಿ, ಒಬ್ಬರು ಚೀಟಿಗೆ ಟಿಕ್ ಹಾಕಿ ಮುಗಿಸಿದೆವು. ಸೇವ್ ಮಾಡಿ ಪ್ರಿಂಟ್ ತೆಗೆದು ಫೈಲಿಗೆ.

ಕ್ರಮ ಹಾಕುವಾಗ ತಿಳಿದಿರಬೇಕಾದ್ದು: ಯಂತ್ರ ನಿನ್ನ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿ, ನಿನ್ನ ರ‍್ಯಾಂಕಿಗೆ ಸಿಗುವ ಮೊದಲ ಸೀಟು ಕೊಡುತ್ತದೆ. ಸಿಗುವುದು ಕಷ್ಟ ಅನ್ನಿಸುವ ಇಷ್ಟದ ಕಾಲೇಜನ್ನು ಮೇಲೆ ಇಟ್ಟರೆ ನಷ್ಟವೇನಿಲ್ಲ. ಕೊಟ್ಟರೂ ಹೋಗಲಾರೆ ಅನ್ನುವುದನ್ನು ಮಾತ್ರ ಹಾಕಲೇಬೇಡ.

ಯಾವುದು ಮೇಲೆ, ಯಾವುದು ಕೆಳಗೆ ಅನ್ನುವುದಕ್ಕೆ ನಮ್ಮ ಅಳತೆಗೋಲು ಬೇರೆಯವರದ್ದಕ್ಕಿಂತ ಸ್ವಲ್ಪ ಬೇರೆ. ದಿನಾ ಬೆಳಿಗ್ಗೆ ಎರಡು ಬಸ್ ಬದಲಾಯಿಸಬೇಕಾದ ಕಾಲೇಜು ನನಗೆ ಹಾಜರಾತಿ ಕೊರತೆಯ ಕಾಲೇಜು. ನಡೆದು ಹೋಗುವಷ್ಟು ಹತ್ತಿರ ಹಾಸ್ಟೆಲ್ ಇದ್ದರೆ ಅದಕ್ಕೆ ನಾನು ಹತ್ತು ಮೆಟ್ಟಿಲು ಮೇಲೆ ಕೊಡುತ್ತೇನೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕೆಳಗೆ ಈಗ ಒಂದು ವಿಷಯದ 100 ಅಂಕದಲ್ಲಿ 50 ವರ್ಷವಿಡೀ ನಡೆಯುವ ಕಿರುಪರೀಕ್ಷೆ, ಅಸೈನ್‌ಮೆಂಟುಗಳಿಂದ ಬರುತ್ತದೆ. ಅದು ನಮಗೆ ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಕೊನೆಯ ರಾತ್ರಿ ಓದಿ ಪಾರಾಗುವ ಕಾಲ ಅಲ್ಲಿಗೆ ಮುಗಿಯಿತು. ಅಲ್ಲೇ ಓದುತ್ತಿರುವ ಇಬ್ಬರನ್ನು ಹುಡುಕಿ ಕೇಳು: ಅಸೈನ್‌ಮೆಂಟ್ ತಡವಾದರೆ ಏನು ಮಾಡುತ್ತಾರೆ, ಮೆಂಟರ್ ನಿಜಕ್ಕೂ ಸಿಗುತ್ತಾರಾ. ಕಾಲೇಜಿನ ಕರಪತ್ರದಲ್ಲಿ ಇದು ಇರುವುದಿಲ್ಲ.

ಮಾಕ್ ಅಲಾಟ್‌ಮೆಂಟ್ ಬಂದಾಗ ಕುಣಿಯಬೇಡ, ಅಳಲೂ ಬೇಡ. ಅದು ಅಂದಾಜು. ಆಮೇಲೆ ಕ್ರಮ ಬದಲಾಯಿಸಲು ಅವಕಾಶ ಇರುತ್ತದೆ.

ನಿಜವಾದ ಸೀಟು ಬಂದಾಗ ನಾಲ್ಕು ಚಾಯ್ಸ್ ಇರುತ್ತದೆ. ಮೊದಲನೆಯದು, ಇದೇ ಸಾಕು, ಸೇರುತ್ತೇನೆ. ಎರಡು, ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಮೇಲಿನದು ಸಿಗುತ್ತದಾ ನೋಡುತ್ತೇನೆ. ಮೂರು, ಇದು ಬೇಡ, ಆದರೆ ಮುಂದಿನ ಸುತ್ತಿಗೆ ಇರುತ್ತೇನೆ. ನಾಲ್ಕು, ನಾನು ಹೊರಟೆ. ಬೇಸರದಲ್ಲಿ, ಸಿಟ್ಟಿನಲ್ಲಿ ಬೆರಳು ನಾಲ್ಕರ ಕಡೆ ಹೋಗುತ್ತದೆ. ಅದನ್ನು ಒತ್ತಿದರೆ ಆ ಪ್ರಕ್ರಿಯೆಯಿಂದಲೇ ಹೊರಗೆ. ನಮ್ಮ ಮನೆಯ ನಿಯಮ: ಯಾವ ಚಾಯ್ಸ್ ಆದರೂ ಒಂದು ರಾತ್ರಿ ಮಲಗಿ ಎದ್ದ ಮೇಲೆ, ಇನ್ನೊಬ್ಬರು ಪಕ್ಕದಲ್ಲಿ ಇದ್ದಾಗ ಮಾತ್ರ ಒತ್ತಬೇಕು. ಆದರೆ ಆ ಒಂದು ರಾತ್ರಿ ಮೂರು ರಾತ್ರಿ ಆಗಬಾರದು. ಕೊನೆಯ ದಿನ ದಾಟಿದರೆ ಸೀಟು ಕೈತಪ್ಪುತ್ತದೆ.

ಹೆಜ್ಜೆ 7: ಸೇರುವ ದಿನ ಮತ್ತು ಮೊದಲ ವಾರ

ಸೇರುವಾಗ ಕಾಲೇಜಿಗೆ ಎಡಿಎಚ್‌ಡಿ ವಿಷಯ ಹೇಳಬೇಕಾ? ಕಡ್ಡಾಯವಿಲ್ಲ. ಪ್ರವೇಶದ ಕೌಂಟರಿನಲ್ಲಿ ಹೇಳುವ ಅಗತ್ಯವೂ ಇಲ್ಲ. ಕ್ಲಾಸು ಶುರುವಾಗಿ ಒಂದು ವಾರದೊಳಗೆ ಮೆಂಟರ್ ಅಥವಾ ಕಾಲೇಜಿನ ಆಪ್ತಸಮಾಲೋಚಕರ ಬಳಿ ಹೋಗಿ ಹೇಳಿದರೆ ಒಳ್ಳೆಯದು. 'ಸರ್, ನನಗೆ ಎಡಿಎಚ್‌ಡಿ ಇದೆ, ಚಿಕಿತ್ಸೆ ತಗೊಳ್ತಿದೀನಿ. ಬಾಯಲ್ಲಿ ಹೇಳಿದ ತಾರೀಕು ಮರೆತುಹೋಗುತ್ತೆ, ಬರೆದು ಹಾಕಿದ್ರೆ ತಪ್ಪಲ್ಲ' ಅಂತ ನೇರವಾಗಿ ಏನು ಬೇಕೋ ಅದನ್ನೇ ಕೇಳು. ನಾನು ಎರಡನೇ ಸೆಮಿಸ್ಟರಿನವರೆಗೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಎರಡು ಇಂಟರ್ನಲ್ ಹೋಗಿತ್ತು.

ಊರು ಬಿಟ್ಟು ಹಾಸ್ಟೆಲಿಗೋ ಪಿಜಿಗೋ ಹೋಗುತ್ತಿದ್ದರೆ ಮಾತ್ರೆಯ ವ್ಯವಸ್ಥೆ ಮೊದಲು. ಮೀಥೈಲ್‌ಫೆನಿಡೇಟ್‌ನಂಥವು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಚೀಟಿ ಇಲ್ಲದೆ ಕೊಡುವಂತೆಯೂ ಇಲ್ಲ. ಹೊಸ ಊರಿನಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ, ಅಲ್ಲಿ ಯಾವ ವೈದ್ಯರನ್ನು ನೋಡಬೇಕು ಅಂತ ಊರಿನಲ್ಲಿರುವಾಗಲೇ ನಿನ್ನ ವೈದ್ಯರನ್ನು ಕೇಳಿ ಬರೆಸಿಕೋ. ಡಬ್ಬಿ ಬೀಗ ಹಾಕುವ ಪೆಟ್ಟಿಗೆಯಲ್ಲಿರಲಿ. ಪರೀಕ್ಷೆ ಬಂದಾಗ 'ಒಂದು ಮಾತ್ರೆ ಕೊಡೋ' ಅಂತ ಕೇಳುವವರು ಇರುತ್ತಾರೆ, ಗೆಳೆಯನಾದರೂ ಕೊಡಬೇಡ.

ಮೂಲ ಪತ್ರಗಳನ್ನು ಕೌಂಟರಿನಲ್ಲಿ ಕೊಟ್ಟು ಹಾಗೇ ಬರಬೇಡ. ಪರಿಶೀಲಿಸಿ ವಾಪಸ್ ಕೊಡಬೇಕು, ಇಟ್ಟುಕೊಳ್ಳಬಾರದು ಅಂತ ಯುಜಿಸಿ 2018ರಲ್ಲೇ ಹೇಳಿದೆ. ಕೆಲವು ಕಡೆ ಆದರೂ ಕೆಲವು ದಿನ ಇಟ್ಟುಕೊಳ್ಳುತ್ತಾರೆ. ಹಾಗಿದ್ದರೆ ಯಾವ ಯಾವ ಪತ್ರ, ಯಾವ ತಾರೀಕು ಅಂತ ಬರೆದು ಸೀಲು ಹಾಕಿದ ರಸೀದಿ ಕೇಳಿ ತೆಗೆದುಕೋ. ಆ ರಸೀದಿಯನ್ನು ಅಲ್ಲೇ ಕೌಂಟರಿನ ಮುಂದೆ ನಿಂತು ಫೋಟೊ ತೆಗೆದು ಮನೆಗೆ ಕಳಿಸು, ಕಾಗದವನ್ನು ಫೈಲಿನ ಮೊದಲ ಹಾಳೆಗೆ ಸೇರಿಸು, ಆಮೇಲೆ ಕ್ಯಾಂಟೀನ್ ಎಲ್ಲಿದೆ ಅಂತ ಕೇಳು.